ಅರ್ಬುದ: ಪ್ರಾಚೀನ ವೈದ್ಯರು ಕಂಡ ವ್ಯಾಧಿ, ನುಡಿದ ಸತ್ಯ

ಅರ್ಬುದವೆಂದೊಡನೆ ಜೈನರಿಗೆ ನೆನಪಾಗುವುದು ರಾಜಸ್ಥಾನದ ಅರ್ಬುದಾಚಲ, ಅಂದರೆ ಇಂದಿನ ಅಬು ಪರ್ವತ. 1031ರಲ್ಲಿ ಅಲ್ಲಿ ವಿಮಲಶಾಹನು ಕಟ್ಟಿಸಿದ ಅಮೃತಶಿಲೆಯ ಜಿನಾಲಯ ಜಗತ್ಪ್ರಸಿದ್ಧವಾದುದು. ಇದೇ ಶಬ್ದವನ್ನು ಆಯುರ್ವೇದಾಚಾರ್ಯರು ಶರೀರದಲ್ಲಿ ಗುಡ್ಡದಂತೆ ಉಬ್ಬಿ ನಿಲ್ಲುವ ಗಂಟಿಗೆ ಬಳಸಿದ್ದಾರೆ. ಇಂದು ಕ್ಯಾನ್ಸರ್ ಎಂದು ಕರೆಯಲಾಗುವ ರೋಗದ ಬಗ್ಗೆ ನಮ್ಮ ಪೂರ್ವಿಕರಿಗೆ ಎಷ್ಟರ ಮಟ್ಟಿನ ಅರಿವಿತ್ತೆಂಬುದನ್ನು ತಿಳಿಯಲು ಈ ಶಬ್ದವೇ ಹೆಬ್ಬಾಗಿಲು.

ಸುಶ್ರುತ ಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ ಅರ್ಬುದದ ಲಕ್ಷಣಗಳಿವೆ. ಕೆರಳಿದ ದೋಷಗಳು ಮಾಂಸವನ್ನು ಕೆಡಿಸಿದಾಗ ದುಂಡಾದ, ಅಲುಗದ, ಅಲ್ಪ ನೋವಿನ, ಆಳವಾದ ಬೇರುಳ್ಳ, ನಿಧಾನವಾಗಿ ಬೆಳೆಯುವ, ಕೀವುಗಟ್ಟದ ಬಾವು ಹುಟ್ಟುತ್ತದೆ. ವಾತ, ಪಿತ್ತ, ಕಫ, ರಕ್ತ, ಮಾಂಸ, ಮೇದಸ್ಸುಗಳಿಂದ ಇದು 6 ವಿಧ. ಇವುಗಳಲ್ಲಿ ರಕ್ತಾರ್ಬುದ ಮತ್ತು ಮಾಂಸಾರ್ಬುದಗಳು ಅಸಾಧ್ಯ. ಮೊದಲಿದ್ದ ಗಂಟಿನ ಮೇಲೆಯೇ ಮತ್ತೊಂದು ಹುಟ್ಟಿದರೆ ಅದು ಅಧ್ಯರ್ಬುದ. ಎರಡು ಜೊತೆಯಾಗಿಯೋ ಒಂದಾದ ಮೇಲೊಂದರಂತೆಯೋ ಕಾಣಿಸಿಕೊಂಡರೆ ದ್ವಿರರ್ಬುದ. ಇಂದಿನ ವೈದ್ಯರು ಹೇಳುವ ರೋಗದ ಹರಡುವಿಕೆಯನ್ನು ಇದು ನೆನಪಿಸುತ್ತದೆ. ಆದರೆ ಅರ್ಬುದವೆಲ್ಲವೂ ಕ್ಯಾನ್ಸರ್ ಅಲ್ಲ. ನಿರಪಾಯಕರ ಗಂಟುಗಳೂ ಆ ಹೆಸರಿನಲ್ಲಿ ಸೇರಿವೆ. ಜೀವಕೋಶಗಳ ಅಂಕೆಯಿಲ್ಲದ ಬೆಳವಣಿಗೆಯನ್ನು ಕಾಣಲು ಸೂಕ್ಷ್ಮದರ್ಶಕವೇ ಬರಬೇಕಾಯಿತು.

ಪೆಟ್ಟು ಬಿದ್ದ ಭಾಗದಲ್ಲಿ ಮಾಂಸಾರ್ಬುದ ಹುಟ್ಟುವುದೆಂದೂ ಮಾಂಸಾಹಾರದಲ್ಲಿ ಆಸಕ್ತರಾದವರಲ್ಲಿ ಅದು ಬೆಳೆಯುವುದೆಂದೂ ಸುಶ್ರುತನು ಹೇಳಿದ್ದಾನೆ. ಸಂಸ್ಕರಿಸಿದ ಮಾಂಸ ಕರುಳಿನ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಸಂಶೋಧನಾ ಸಂಸ್ಥೆಯು 2015ರಲ್ಲಿ ಘೋಷಿಸಿತು. ಇದರಿಂದ ಶ್ರಾವಕರು ಹೆಮ್ಮೆಪಟ್ಟು ಸುಮ್ಮನಾಗುವಂತಿಲ್ಲ. ಅದೇ ಸಂಸ್ಥೆ ತಂಬಾಕನ್ನಷ್ಟೇ ಅಲ್ಲ, ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟಿಸಿದೆ. ಸಸ್ಯಾಹಾರಿಗಳಿಗೂ, ಯಾವ ದುಶ್ಚಟವೂ ಇಲ್ಲದವರಿಗೂ ಈ ರೋಗ ಬರುವುದುಂಟು. ಆದುದರಿಂದ ರೋಗಿಯನ್ನು ದೋಷಿಯಂತೆ ಕಾಣುವುದು ಅಹಿಂಸಾಧರ್ಮಕ್ಕೆ ಒಪ್ಪುವ ಮಾತಲ್ಲ.

ಚಿಕಿತ್ಸೆಯ ವಿಷಯದಲ್ಲಿ ಸುಶ್ರುತನದು ನಿಷ್ಠುರ ನುಡಿ. ಲೇಪ, ಸ್ವೇದನಗಳ ಜೊತೆಗೆ ಶಸ್ತ್ರ, ಕ್ಷಾರ, ಅಗ್ನಿಕರ್ಮಗಳನ್ನೂ ಆತ ವಿಧಿಸುತ್ತಾನೆ. ಅಲ್ಪ ಶೇಷ ಉಳಿದರೂ ಅರ್ಬುದ ಮರಳಿ ಬೆಳೆದು, ಆರದ ಬೆಂಕಿಯಂತೆ ರೋಗಿಯನ್ನು ಕೊಲ್ಲುವುದೆಂದು ಎಚ್ಚರಿಸುತ್ತಾನೆ. ಅಸಾಧ್ಯ ರೋಗಕ್ಕೆ ಕೈಹಾಕುವ ವೈದ್ಯನು ಧನ, ವಿದ್ಯೆ, ಯಶಸ್ಸುಗಳನ್ನು ಕಳೆದುಕೊಳ್ಳುವನೆಂಬುದು ಚರಕ ಸಂಹಿತೆಯ ಮಾತು. ತಿಳಿದುದನ್ನು ತಿಳಿದಂತೆ, ಆಗದುದನ್ನು ಆಗದೆಂದು ಹೇಳುವುದೇ ಆ ವೈದ್ಯಪರಂಪರೆಯ ಹಿರಿಮೆ.

ಜೈನರಲ್ಲಿ ವೈದ್ಯವಿದ್ಯೆಗೆ ಪ್ರಾಣಾವಾಯವೆಂಬ ಹೆಸರಿದ್ದು, ಅದು 14 ಪೂರ್ವಗಳಲ್ಲಿ ಒಂದು. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳಿಲ್ಲದ ಔಷಧಗಳಿಂದಲೇ ‘ಕಲ್ಯಾಣಕಾರಕ’ವನ್ನು ರಚಿಸಿದರು, ರಾಷ್ಟ್ರಕೂಟ ದೊರೆ ನೃಪತುಂಗನ ಸಭೆಯಲ್ಲಿ ಮಾಂಸಸೇವನೆಯನ್ನು ಖಂಡಿಸಿದರು. ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ಇವರಿಗೆಲ್ಲ ವೈದ್ಯವು ಧರ್ಮದ ಅಂಗವಾಗಿತ್ತೇ ಹೊರತು ಆಸೆಯನ್ನು ಮಾರುವ ಅಂಗಡಿಯಾಗಿರಲಿಲ್ಲ.

ಆದರೆ ಆಯುರ್ವೇದದ ಹೆಸರಿನಲ್ಲಿ ಕ್ಯಾನ್ಸರನ್ನು ನಿರ್ಮೂಲ ಮಾಡುವೆವೆಂಬ ಜಾಹೀರಾತುಗಳು ಇಂದಿಗೂ ಕಾಣಸಿಗುತ್ತವೆ. 1954ರ ಕೇಂದ್ರ ಕಾಯಿದೆಯೊಂದು ಇಂತಹ ಪ್ರಚಾರವನ್ನು ನಿಷೇಧಿಸಿದೆ. ಕಾನೂನಿಗೂ ಮೊದಲೇ ತತ್ತ್ವಾರ್ಥಸೂತ್ರವು ಮಿಥ್ಯೋಪದೇಶವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದಾಗಿ ಎಣಿಸಿದೆ. ಸಾಮಗ್ರಿ ಮಾರುವವನ ಸುಳ್ಳಿನಿಂದ ಹಣ ಹೋದರೆ ಮತ್ತೆ ಗಳಿಸಬಹುದು; ಔಷಧ ಮಾರುವವನ ಸುಳ್ಳಿನಿಂದ ಹೋಗುವುದು ರೋಗಿಯ ಕಾಲ. ಆರಂಭದಲ್ಲಿಯೇ ಗುರುತಿಸಿದರೆ ಅನೇಕ ಬಗೆಯ ಕ್ಯಾನ್ಸರುಗಳು ಇಂದು ಗುಣವಾಗುತ್ತವೆ. ಆ ಕಾಲ ಕೈತಪ್ಪಿದರೆ ಸುಶ್ರುತನು ಹೇಳಿದ ಬೇರು ಆಳಕ್ಕಿಳಿಯುತ್ತದೆ. ಗಂಟು ಕಂಡ ಕೂಡಲೇ ತಜ್ಞರಲ್ಲಿಗೆ ಹೋಗುವುದು, ಬಂಧುಗಳನ್ನು ಕರೆದೊಯ್ಯುವುದು, ಪಥ್ಯ, ಶುಶ್ರೂಷೆ, ಸಾಂತ್ವನಗಳಿಂದ ಅವರಿಗೆ ನೆರವಾಗುವುದು ಸದ್ಗೃಹಸ್ಥರ ಕರ್ತವ್ಯ. ಪ್ರಾಚೀನ ವೈದ್ಯರ ಸತ್ಯನಿಷ್ಠೆಗೆ ಸಲ್ಲಿಸಬಹುದಾದ ನಿಜವಾದ ಗೌರವವೂ ಇದೇ.