ಬೀಡಿಯ ಲೆಕ್ಕದಲ್ಲಿ ಮುಪ್ಪು: ನಿಪ್ಪಾಣಿಯಿಂದ ಒಂದು ಆಕ್ಷೇಪ

ಬಡವರ ಆರೋಗ್ಯ ಬೇಗ ಕೆಡುತ್ತದೆ ಎಂಬುದು ಬ್ರಿಟನ್ನಿನ ಬ್ಲ್ಯಾಕ್ ವರದಿ (1980) ಬಂದ ಮೇಲೆ ತಕರಾರಿನ ಮಾತಾಗಿ ಉಳಿದಿಲ್ಲ. ತಕರಾರು ಇರುವುದು ಮುಪ್ಪಿನ ಬಗ್ಗೆ. ಬಡವರ ಮತ್ತು ಉಳ್ಳವರ ಆರೋಗ್ಯದ ನಡುವೆ ನಡುವಯಸ್ಸಿನಲ್ಲಿ ಹಿಗ್ಗಿದ ಅಂತರ ಇಳಿವಯಸ್ಸಿನಲ್ಲಿ ಕುಗ್ಗುತ್ತದೆ ಎಂದು ಸಮಾಜಶಾಸ್ತ್ರಜ್ಞ ಜೇಮ್ಸ್ ಹೌಸ್ ಮತ್ತು ಸಂಗಡಿಗರು 1990ರಲ್ಲಿ ಹೇಳಿದರು. ಹಿಗ್ಗುತ್ತಲೇ ಹೋಗುತ್ತದೆ ಎಂದು ಕ್ಯಾಥರೀನ್ ರಾಸ್ ಮತ್ತು ಚಿಯಾ-ಲಿಂಗ್ ವೂ 1996ರಲ್ಲಿ ವಾದಿಸಿದರು. ಎರಡೂ ಅಮೆರಿಕದ ಅಂಕಿಗಳು. ಎರಡರಲ್ಲೂ ವಯಸ್ಸೆಂದರೆ ಹುಟ್ಟಿದ ವರ್ಷದಿಂದ ಎಣಿಸಿದ್ದು.

ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಮಟ್ಟಿಗೆ ಈ ಎಣಿಕೆಯೇ ದಾರಿ ತಪ್ಪಿಸುತ್ತದೆ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಜರ್ದಾ ಹರಡಿ, ಸುತ್ತಿ, ಉಗುರಿನಿಂದ ತುದಿ ಮಡಚಿ, ದಾರ ಬಿಗಿಯುವ ಕೆಲಸಕ್ಕೆ ಕೂಲಿ ಸಾವಿರ ಬೀಡಿಗೆ ಇಷ್ಟೆಂದು. ಬೆನ್ನು, ಎದೆ, ಕಣ್ಣು ಯಾವುದು ಕೈಕೊಟ್ಟರೂ ಮೊದಲು ಇಳಿಯುವುದು ಅಂದಿನ ಲೆಕ್ಕ, ಅದರ ಹಿಂದೆಯೇ ಕೂಲಿ. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಬೇಕು. ಬೆರಳು ಅಲ್ಲಿಯವರೆಗೆ ಕಾಯುವುದಿಲ್ಲ. 45 ದಾಟಿದವರನ್ನು ಮಾತಾಡಿಸಿದ, ಭಾರತದ ಮುಪ್ಪಿನ ಕುರಿತ ಲಾಸಿ (LASI) ಸಮೀಕ್ಷೆ (2017–18) ರಾಜ್ಯದ ಚಿತ್ರ ಕೊಡುತ್ತದೆ, ತಾಲ್ಲೂಕಿನದನ್ನಲ್ಲ. 2011ರ ಜನಗಣತಿಯಲ್ಲಂತೂ ಇಂದಿನ ನಿಪ್ಪಾಣಿ ತಾಲ್ಲೂಕು ಚಿಕ್ಕೋಡಿಯೊಳಗೆ, ಕಾಗವಾಡ ತಾಲ್ಲೂಕು ಅಥಣಿಯೊಳಗೆ ಸೇರಿಹೋಗಿವೆ.

ಹಾಗಾದರೆ ಸಾಕ್ಷ್ಯ ಎಲ್ಲಿ? ಕೊಟ್ಟ ಎಲೆ, ಜರ್ದಾ, ತಿರುಗಿ ಬಂದ ಬೀಡಿ ಇವನ್ನು ಬರೆಯುವ ಕಾರ್ಡಿನಲ್ಲಿ ಎನ್ನುತ್ತೇನೆ. ಒಬ್ಬಾಕೆಯ ವರ್ಷಾನುವರ್ಷದ ಕಾರ್ಡುಗಳನ್ನು ಸಾಲಾಗಿ ಓದಿದರೆ, ಆಸ್ಪತ್ರೆಯ ಚೀಟಿಗಿಂತ ಮೊದಲೇ ಅಲ್ಲಿ ಮುಪ್ಪಿನ ಗುರುತು ಸಿಗಬೇಕು. ಇದನ್ನು ಅಳೆದು ತೂಗಿಯೇ ಹೇಳಬೇಕಾಗಿದೆ. ಬೀಡಿ ಕಡಿಮೆಯಾದದ್ದು ಕಾಂಟ್ರಾಕ್ಟರ್ ಎಲೆ ಕಡಿಮೆ ಕೊಟ್ಟದ್ದರಿಂದ ಇರಬಹುದು, ಎಲೆ ಹರಕಾಗಿದ್ದರಿಂದಲೂ ಇರಬಹುದು. ಮನೆಯಲ್ಲಿ ಕಟ್ಟುವವರನ್ನೂ 1966ರ ಬೀಡಿ ಕಾರ್ಮಿಕರ ಕಾಯ್ದೆಯೇ ಕಾರ್ಮಿಕರೆಂದು ಒಪ್ಪಿತ್ತು, ಆದರೂ ಕಾರ್ಡಿಲ್ಲದೆ ಕಟ್ಟುವವರಿದ್ದಾರೆ. ಬಹುಶಃ ಹೆಚ್ಚು ಸವೆದವರು ಅವರೇ. ಎಲ್ಲಕ್ಕಿಂತ ದೊಡ್ಡ ತೊಡಕು ಮನೆಯೊಳಗಿನದು. ತಾಯಿಯ ಹೆಸರಿನ ಕಾರ್ಡಿಗೆ ಮಗಳೂ ಸೊಸೆಯೂ ಕಟ್ಟುತ್ತಾರೆ. ಲೆಕ್ಕ ಇಳಿಯದೆ ನಿಂತಿದ್ದರೆ ತಾಯಿ ಇನ್ನೂ ಗಟ್ಟಿಯಾಗಿದ್ದಾಳೆಂದು ಓದಿಕೊಳ್ಳುತ್ತೇವೆ. ಆದರೆ ಆ ಲೆಕ್ಕ ತುಂಬಿಸಲು ಮಗಳು ಶಾಲೆ ಬಿಟ್ಟಿರಲೂಬಹುದು. ಆಗ ಹೌಸ್ ಕಂಡ ಕುಗ್ಗಿದ ಅಂತರ ಇಲ್ಲಿಯೂ ಕಾಣುತ್ತದೆ, ಮುಂದಿನ ತಲೆಮಾರಿನಿಂದ ತಂದ ಸಾಲವಾಗಿ. ಆದ್ದರಿಂದ ಕಾರ್ಡನ್ನು ಮನೆಯ ಹೆಣ್ಣುಮಕ್ಕಳ ಶಾಲಾ ಹಾಜರಿಯ ಪಕ್ಕದಲ್ಲಿಟ್ಟೇ ಓದಬೇಕೆಂಬುದು ನನ್ನ ಸೂಚನೆ. ಹಾಗೆ ಓದಿದರೆ ರಾಸ್ ಮತ್ತು ವೂ ಕಡೆಗೆ ತಕ್ಕಡಿ ವಾಲೀತು, ಅಷ್ಟರಮಟ್ಟಿಗೆ ಮಾತ್ರ.

ಇದೇ ಜಿಲ್ಲೆಯ ಅಥಣಿ, ರಾಯಬಾಗ, ಕಾಗವಾಡದ ಕಬ್ಬಿನ ಗದ್ದೆಗಳಿಗೆ ಈ ವಿಧಾನ ಒಗ್ಗೀತೇ? ಅಲ್ಲಿ ಕೂಲಿ ಟನ್ನಿಗೆ ಇಷ್ಟೆಂದು, ತೂಕ ಕಟಾವು ಗ್ಯಾಂಗಿನ ಹೆಸರಿನದು. ಯಾರ ಕೈ ಯಾವ ಹಂಗಾಮಿನಲ್ಲಿ ಸೋತಿತು ಎಂಬುದನ್ನು ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮನ ನೆನಪಿನಿಂದ ಎಷ್ಟರಮಟ್ಟಿಗೆ ತೆಗೆಯಬಹುದೋ ನೋಡಬೇಕಿದೆ.