ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯ ಪಾತ್ರ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ ಮಾತನಾಡುತ್ತಾ, ತಮ್ಮ ತೋಟದ ಹಳೆಯ ಪಿಕಪ್ ವಾಹನವು ಡೀಸೆಲ್ ಮುಗಿದು ನಿಂತಿತೆಂದೂ, ಪುನಃ ಐದು ಲೀಟರ್ ತುಂಬಿದರೂ ಚಾಲೂ ಆಗಲಿಲ್ಲವೆಂದೂ ಬೇಸರಪಟ್ಟರು. ಆ ಮಾತು ನನ್ನನ್ನು 1994ರ ಒಂದು ಬೆಳಗಿಗೆ ಕರೆದೊಯ್ದಿತು.

ಅಂದು ಮಕ್ಕಳ ವಿಜ್ಞಾನ ಮಾದರಿಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡು ತೀರ್ಥಹಳ್ಳಿಯ ಕಡೆಯಿಂದ ಶಿವಮೊಗ್ಗೆಯ ವಸ್ತುಪ್ರದರ್ಶನಕ್ಕೆ ಹೊರಟಿದ್ದೆವು. ಮಂಡಗದ್ದೆಯ ಸಮೀಪ ಇದೇ ಗತಿಯಾಯಿತು. ಚಾಲಕನು ಎಲ್ಲಿಂದಲೋ ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದನು. ಎಷ್ಟು ತಿರುಗಿಸಿದರೂ ಎಂಜಿನ್ ಕೆಮ್ಮಿತೇ ಹೊರತು ಹತ್ತಲಿಲ್ಲ, ಬ್ಯಾಟರಿ ಸೋಲತೊಡಗಿತು. ಇಪ್ಪತ್ತು ವರ್ಷ ಭೌತಶಾಸ್ತ್ರ ಬೋಧಿಸಿದ್ದ ನಾನು ರಸ್ತೆಯಂಚಿನಲ್ಲಿ ಸುಮ್ಮನೆ ನಿಂತಿದ್ದೆ.

ಇಲ್ಲಿ ಕಥೆಯನ್ನು ತುಸು ನಿಲ್ಲಿಸಿ ಇತಿಹಾಸಕ್ಕೆ ಬರುತ್ತೇನೆ. ತರಗತಿಯಲ್ಲಿಯೂ ನನ್ನ ಅಭ್ಯಾಸ ಇದೇ ಆಗಿತ್ತೆಂಬುದು ನಿಮಗೆ ನೆನಪಿರಬಹುದು.

ಸೈಕಲ್ ಪಂಪಿನಿಂದ ಗಾಳಿ ತುಂಬುವಾಗ ಅದರ ಬುಡ ಬಿಸಿಯಾಗುತ್ತದಷ್ಟೆ. ರುಡಾಲ್ಫ್ ಡೀಸೆಲ್ ಹಿಡಿದ ಎಳೆ ಅದೇ. ಗಾಳಿಯನ್ನು ಬಲವಾಗಿ ಅದುಮಿದರೆ, ಕಿಡಿಯ ಹಂಗಿಲ್ಲದೆ ಆ ಶಾಖದಿಂದಲೇ ಇಂಧನವು ಉರಿಯಬೇಕು. 1893ರ ಆಗಸ್ಟ್ 10ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಒತ್ತಡವನ್ನು ಅಳೆಯುವ ಉಪಕರಣವೇ ಸಿಡಿದುಹೋಯಿತು. ನಾಲ್ಕು ವರ್ಷಗಳ ತಿದ್ದುಪಡಿಯ ತರುವಾಯ, 1897ರಲ್ಲಿ, ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್ ಅವರು ಪರೀಕ್ಷಿಸಿ ಇಂಧನದ ಶಾಖದಲ್ಲಿ ಶೇಕಡಾ 26.2ರಷ್ಟು ಕೆಲಸವಾಗಿ ಪರಿಣಮಿಸುತ್ತಿದೆಯೆಂದು ಅಳೆದರು. ಉಗಿಯಂತ್ರಗಳ ಯುಗದಲ್ಲಿ ಇದು ಬೆರಗಿನ ಸಂಗತಿ.

ಆದರೆ ಆ ಯಂತ್ರವು ಮೂರು ಮೀಟರ್ ಎತ್ತರದ್ದು. ಸಿಲಿಂಡರಿನೊಳಕ್ಕೆ ಇಂಧನವನ್ನು ನುಗ್ಗಿಸಲು ಡೀಸೆಲ್ ಮತ್ತೆ ಗಾಳಿಯನ್ನೇ ಆಶ್ರಯಿಸಿದ್ದರು. ಅದಕ್ಕಾಗಿ ಪ್ರತ್ಯೇಕವಾದ ಭಾರಿ ಕಂಪ್ರೆಸರ್ ಬೇಕಾಗಿತ್ತು. ಹಡಗಿಗೆ, ಕಾರ್ಖಾನೆಗೆ ಅದು ಸರಿ, ಲಾರಿಗೆ ಹೊಂದುವುದೆಂತು? 1913ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಡೀಸೆಲ್ ಕಣ್ಮರೆಯಾದರು. ತಮ್ಮ ಎಂಜಿನ್ ಊರೂರಿನ ಸರಕು ಹೊರುವುದನ್ನು ಅವರು ನೋಡಲಿಲ್ಲ.

ಗಾಳಿಯ ನೆರವಿಲ್ಲದೆ, ಇಂಧನವನ್ನಷ್ಟೇ ಅದುಮಿ ಹನಿಹನಿಯಾಗಿ ಅಳೆದು ಚಿಮ್ಮಿಸುವ ಪಂಪನ್ನು 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು ರಾಬರ್ಟ್ ಬಾಷ್ ಅವರ ಸಂಸ್ಥೆ. ಅದರ ಪ್ಲಂಜರ್ ಮತ್ತು ಬ್ಯಾರೆಲ್‌ಗಳ ನಡುವಿನ ಅಂತರ ಮಿಲಿಮೀಟರಿನ ಸಾವಿರದ ಕೆಲವೇ ಭಾಗ. ಡೀಸೆಲ್ ಎಂಜಿನ್ ನಿಜವಾಗಿ ರಸ್ತೆಗಿಳಿದದ್ದು ಈ ಪಂಪಿನ ಬಲದಿಂದ. ಬೆಂಗಳೂರಿನಲ್ಲಿ ಮೈಕೋ ಎಂದು ಮನೆಮಾತಾದ ಕಾರ್ಖಾನೆ ಇದೇ ವಂಶದ್ದು. ಆಡುಗೋಡಿಯಲ್ಲಿ ಸಿದ್ಧವಾದ ಪಂಪುಗಳು ದೇಶದ ಎಷ್ಟೋ ಲಾರಿ, ಟ್ರಾಕ್ಟರುಗಳಲ್ಲಿ ಮಿಡಿದಿವೆ.

ಈಗ ಮಂಡಗದ್ದೆಗೆ ಮರಳೋಣ. ಅಷ್ಟರಲ್ಲಿ ಬಂದ ಬಸ್ಸಿನಿಂದ ನಮ್ಮನ್ನು ಕಂಡು ಒಬ್ಬ ತರುಣನು ಇಳಿದನು. ಹತ್ತನೆಯ ತರಗತಿಯಲ್ಲಿ ಎರಡು ಬಾರಿ ಅನುತ್ತೀರ್ಣನಾಗಿ ಗ್ಯಾರೇಜು ಸೇರಿದವನು. "ಇವನಿಗೆ ವಿಜ್ಞಾನ ತಲೆಗೆ ಹತ್ತುವುದಿಲ್ಲ" ಎಂದು ಅವನ ತಂದೆಯ ಮುಂದೆ ಹೇಳಿದ್ದವನು ನಾನೇ. ಅವನು ಒಂದೇ ಸ್ಪ್ಯಾನರ್ ಕೇಳಿ ಪಡೆದು, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತತೊಡಗಿದನು. ನೊರೆನೊರೆಯಾಗಿ ಗುಳ್ಳೆಗಳು ಬಂದವು. ಗುಳ್ಳೆ ನಿಂತು ಶುದ್ಧ ಡೀಸೆಲ್ ಹರಿದಾಗ ಸ್ಕ್ರೂ ಬಿಗಿದನು. ಬಳಿಕ ಇಂಜೆಕ್ಟರಿನ ನಳಿಕೆಗಳ ನಟ್ಟುಗಳನ್ನೂ ಸಡಿಲಿಸಿ ಎಂಜಿನ್ ತಿರುಗಿಸಿ, ಅಲ್ಲಿಯ ಗಾಳಿಯನ್ನೂ ಹೊರಗಟ್ಟಿದನು.

"ಪೈಪಲ್ಲಿ ಗಾಳಿ ಇದ್ರೆ ಪಂಪು ಗಾಳೀನೇ ಅದುಮ್ತಾ ಕೂರತ್ತೆ ಸಾರ್, ಡೀಸೆಲ್ ಮುಂದಕ್ಕೆ ಹೋಗಲ್ಲ" ಎಂದನು.

ಅನಿಲವು ಸಂಕುಚಿಸುತ್ತದೆ, ದ್ರವವು ಬಹುಮಟ್ಟಿಗೆ ಸಂಕುಚಿಸದು. ಪ್ರತಿ ವರ್ಷವೂ ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ವಾಕ್ಯ! ಸಿಲಿಂಡರಿನಲ್ಲಿ ಯಾವ ಗುಣದಿಂದ ಗಾಳಿ ಕಿಚ್ಚು ಹೊತ್ತಿಸುವುದೋ, ನಳಿಕೆಯಲ್ಲಿ ಅದೇ ಗುಣದಿಂದ ಎಂಜಿನ್ನನ್ನು ನಿಲ್ಲಿಸುತ್ತದೆಂಬುದು ನನಗೆ ಹೊಳೆದಿರಲಿಲ್ಲ.

ಎಂಜಿನ್ ಹತ್ತಿತು. ಚಾಲಕನು ಆಸೆಯಿಂದ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಪಂಪಿನ ಸೀಲು ಒಡೆದು ಡೀಸೆಲ್ ತುಸು ಹೆಚ್ಚಿಸಿಕೊಡು ಎಂದನು. ಆ ಕಾಲದಲ್ಲಿ ಇದು ಸಾಮಾನ್ಯ ಬೇಡಿಕೆ. ಹುಡುಗ ಒಪ್ಪಲಿಲ್ಲ. "ಗಾಳಿ ಅಷ್ಟೇ ಇರತ್ತಲ್ಲಣ್ಣಾ. ಉರಿಯೋಕೆ ಸಾಲದೆ ಕಪ್ಪು ಹೊಗೆ ಬರತ್ತೆ, ಪಿಸ್ಟನ್ ಸುಡತ್ತೆ. ಮೊದ್ಲು ಏರ್ ಫಿಲ್ಟರ್ ಕ್ಲೀನ್ ಮಾಡ್ಸು" ಎಂದನು. ಬಿಳಿ ಹೊಗೆಯಾದರೆ ಡೀಸೆಲ್ ಹೊತ್ತದೆ ಹೊರಬರುತ್ತಿದೆಯೆಂದೂ, ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದೂ ನಾನು ಕೇಳಿದ್ದಕ್ಕೆ ವಿವರಿಸಿದನು. ಇಂದಿನ ಎಂಜಿನ್ನುಗಳಲ್ಲಿ ಈ ಅಳತೆಯನ್ನೆಲ್ಲ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಸ್ಕ್ರೂ ತಿರುಗಿಸುವವರ ಕಾಲ ಬಹುಮಟ್ಟಿಗೆ ಮುಗಿಯಿತು.

ಮರುವಾರ ಒಂಬತ್ತನೆಯ ತರಗತಿಗೆ ಅವನನ್ನು ಕರೆಸಿದೆ, ಒಂದು ಹಳೆಯ ಇಂಜೆಕ್ಟರ್ ತರಲು ಹೇಳಿ. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದವನು, ನಾನು ಎರಡು ಬಾರಿ ಒಳಗೆ ಬಾ ಎನ್ನುವವರೆಗೂ ಹೊಸ್ತಿಲಾಚೆಯೇ ನಿಂತಿದ್ದನು.