‘ನಮ್ಮ ಲಿಮಿಟ್ಸ್‌ಗೆ ಬರಲ್ಲ’ ಅಂದ್ರೆ ಏನರ್ಥ? ಪೊಲೀಸ್ ಜಿಲ್ಲೆಗಳ ಲೆಕ್ಕಾಚಾರ

ಕೋಲಾರ ಒಂದೇ ಕಂದಾಯ ಜಿಲ್ಲೆ. ಜಿಲ್ಲಾಧಿಕಾರಿ ಒಬ್ಬರೇ. ಆದರೆ ಎಸ್ಪಿಗಳು ಇಬ್ಬರು: ಒಬ್ಬರು ಕೋಲಾರದಲ್ಲಿ, ಇನ್ನೊಬ್ಬರು ಕೆಜಿಎಫ್‌ನಲ್ಲಿ. ಚಿನ್ನದ ಗಣಿ 2001ರಲ್ಲೇ ಮುಚ್ಚಿತು, ಅದರ ಕಾಲದ ಪೊಲೀಸ್ ಜಿಲ್ಲೆ ಮಾತ್ರ ಉಳಿಯಿತು. ಕಂದಾಯದ ನಕ್ಷೆ ಮತ್ತು ಪೊಲೀಸ್ ನಕ್ಷೆ ಒಂದೇ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ.

ಹಳ್ಳಿ, ಪಟ್ಟಣಗಳಲ್ಲಿ: ಠಾಣೆ, ಅದರ ಮೇಲೆ ಸರ್ಕಲ್, ಡಿವೈಎಸ್ಪಿಯ ಉಪವಿಭಾಗ, ಎಸ್ಪಿಯ ಜಿಲ್ಲೆ. ಕೆಲವು ಜಿಲ್ಲೆಗಳು ಸೇರಿದರೆ ಐಜಿಪಿಯ ವಲಯ. ಠಾಣೆಯ ಸರಹದ್ದನ್ನು ಸರ್ಕಾರ ಅಧಿಸೂಚನೆ ಮೂಲಕ ನಿಗದಿ ಮಾಡುತ್ತದೆ. ಅದರೊಳಗೆ ಗಸ್ತಿಗಾಗಿ ಬೀಟ್‌ಗಳಿರುತ್ತವೆ.

ಕಮಿಷನರೇಟ್‌ನಲ್ಲಿ: ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಯಲ್ಲಿ ಎಸ್ಪಿ ಬದಲು ಕಮಿಷನರ್, ಅವರ ಕೆಳಗೆ ಡಿಸಿಪಿ, ಎಸಿಪಿ. ಇದು ಬರೀ ಹುದ್ದೆಯ ಹೆಸರಿನ ವ್ಯತ್ಯಾಸ ಅಲ್ಲ. ಕಮಿಷನರ್‌ಗೆ ಮ್ಯಾಜಿಸ್ಟ್ರೇಟ್ ಅಧಿಕಾರವೂ ಇದೆ. ಮಂಗಳೂರು ನಗರದಲ್ಲಿ ನಿಷೇಧಾಜ್ಞೆ ಹಾಕೋದು ಕಮಿಷನರ್. ಅದೇ ಜಿಲ್ಲೆಯ ಪುತ್ತೂರು, ಸುಳ್ಯದಲ್ಲಿ ಆ ಅಧಿಕಾರ ಕಂದಾಯ ಆಡಳಿತದ ಕೈಯಲ್ಲಿ. ಅಂದ್ರೆ ನಗರದಲ್ಲಿ ಆದೇಶ ಹೊರಡಿಸುವವರೂ ಜಾರಿ ಮಾಡುವವರೂ ಒಂದೇ ಇಲಾಖೆ. ಈ ಬಗ್ಗೆ ನಾವು ಇನ್ನಷ್ಟು ಚರ್ಚೆ ಮಾಡಬೇಕು.

ರೈಲಿನಲ್ಲಿ: ಇಲ್ಲಿ ಇನ್ನೊಂದು ನಕ್ಷೆ. ರಾಜ್ಯದ ರೈಲ್ವೆ ಪೊಲೀಸರಿಗೆ ಪ್ರತ್ಯೇಕ ಎಸ್ಪಿ ಇದ್ದಾರೆ. ಹಳಿ ಎಷ್ಟು ಜಿಲ್ಲೆ ದಾಟಿದರೂ ರೈಲಿನಲ್ಲಾದ ಕಳ್ಳತನ ಇವರ ಲೆಕ್ಕಕ್ಕೆ.

ನಾನು ಓದಿದ್ದು ಎಂಜಿನಿಯರಿಂಗ್. ದೊಡ್ಡ ಸಿಸ್ಟಮ್ ಅನ್ನು ತುಂಡು ಮಾಡಿದರೆ ತೊಂದರೆ ಬರೋದು ಜೋಡಣೆ ಜಾಗದಲ್ಲಿ ಅಂತ ಅಲ್ಲಿ ಕಲಿಸುತ್ತಾರೆ. ಇಲ್ಲೂ ಅಷ್ಟೇ. ರಸ್ತೆಯ ಈ ಬದಿ ಒಂದು ಠಾಣೆ, ಆ ಬದಿ ಇನ್ನೊಂದು. ನಡುವೆ ಅಲೆಯೋದು ಪೆಟ್ಟು ತಿಂದವರು.

ಕಾನೂನು ಇದಕ್ಕೆ ಉತ್ತರ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಸಂಜ್ಞೇಯ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಗಾದರೂ ದೂರು ಕೊಡಬಹುದು. ಇದೇ ‘ಜೀರೋ ಎಫ್‌ಐಆರ್’. ದಾಖಲಿಸಿಕೊಂಡ ಠಾಣೆ ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ನಿರಾಕರಿಸಿದರೆ ಲಿಖಿತವಾಗಿ ಎಸ್ಪಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್‌ಗೆ ಮೊರೆ ಹೋಗಬಹುದು.

ಸರಹದ್ದು ಇರೋದು ಪೊಲೀಸರು ಕೆಲಸ ಹಂಚಿಕೊಳ್ಳೋಕೆ. ದೂರು ತಂದವರನ್ನು ವಾಪಸ್ ಕಳಿಸೋಕಲ್ಲ.